ನೀರು ಹೊರುವ ಕೈಗಳನ್ನು ಎಣಿಸಿ, ಆಮೇಲೆ ಗುಂಡಿ ತೋಡಿ

ಮನೆಗಳ ನಡುವೆ ಉಳಿದ ಒಂದು ಹಸಿರು ಜಾಗ. ಉದ್ಯಾನದ ಅಂಚಿರಬಹುದು, ಹಳ್ಳದ ದಂಡೆಯಿರಬಹುದು, ರಸ್ತೆ ಪಕ್ಕದ ಪಟ್ಟಿಯಿರಬಹುದು. ಕಸ ಬಿದ್ದು ಹಾಳಾಗಿದೆ. ಅಕ್ಕಪಕ್ಕದವರು ಸೇರಿ ಸರಿಮಾಡಲು ಹೊರಡುತ್ತೀರಿ. ಮೊದಲ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಷ್ಟು ಸಸಿ ತರೋಣ?’ ಈ ಪ್ರಶ್ನೆಯನ್ನು ದಯವಿಟ್ಟು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದದ್ದು ಬೇರೆ: ಮಳೆ ನಿಂತ ಮೇಲೆ ಪ್ರತಿ ವಾರ ತಪ್ಪದೆ ಬಂದು ನೀರು ಹಾಕುವವರು ಎಷ್ಟು ಜನ?

ಲೆಕ್ಕ ಹಾಕಿಯೇ ನೋಡೋಣ. ಹೊಸದಾಗಿ ನೆಟ್ಟ, ಸೊಂಟದೆತ್ತರದ ಒಂದು ಸಸಿಗೆ ಒಣ ಹವೆಯಲ್ಲಿ ವಾರಕ್ಕೆ 10ರಿಂದ 15 ಲೀಟರ್ ನೀರು ಬೇಕು. ಹನ್ನೆರಡು ಲೀಟರ್ ಎಂದಿಟ್ಟುಕೊಳ್ಳಿ. ನೂರು ಸಸಿಗೆ ವಾರಕ್ಕೆ 1,200 ಲೀಟರ್ ಆಯಿತು. ಎರಡು ಕೈಯಲ್ಲಿ ಹತ್ತು ಹತ್ತು ಲೀಟರಿನ ಕ್ಯಾನ್ ಹಿಡಿದರೆ ಒಂದು ಸಲಕ್ಕೆ 20 ಲೀಟರ್, ಅಂದರೆ 20 ಕಿಲೋ ಭಾರ. 60 ಸಲ ಓಡಾಡಬೇಕು. ನಲ್ಲಿ 100 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವುದು ಸೇರಿ 12 ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ ತುಂಬಿದ ಕ್ಯಾನ್‌ಗಳ ಜೊತೆ. ನೆಡುವ ದಿನ ಐವತ್ತು ಜನ ಬರುತ್ತಾರೆ, ನಿಜ. ನಾಲ್ಕು ತಿಂಗಳ ನಂತರದ ವಾರದ ದಿನ ಬರುವವರು ನಾಲ್ಕೇ ಜನ ಎಂದರೆ ಒಬ್ಬೊಬ್ಬರಿಗೆ 15 ಸಲದ ಹೊರೆ. ಎರಡು ವಾರ ಮಾಡುತ್ತಾರೆ, ಮೂರನೇ ವಾರ ಕೈಬಿಡುತ್ತಾರೆ. ಅವರ ತಪ್ಪಲ್ಲ, ಲೆಕ್ಕದ ತಪ್ಪು. ಅದೇ ನಾಲ್ವರು 30 ಸಸಿಗಳನ್ನು ಆರಾಮಾಗಿ ಸಾಕುತ್ತಾರೆ: ಒಟ್ಟು 18 ಸಲ, ತಲೆಗೆ ನಾಲ್ಕೋ ಐದೋ. ಆದ್ದರಿಂದ ನಿಮ್ಮ ಕೆಲಸದ ಅಳತೆಯನ್ನು ನಿರ್ಧರಿಸಬೇಕಾದವರು ಮೊದಲ ದಿನ ಬರುವ ಐವತ್ತು ಜನ ಅಲ್ಲ, ಕೊನೆಯವರೆಗೂ ಉಳಿಯುವ ನಾಲ್ಕು ಜನ. ಕಸ ಎತ್ತುವುದಕ್ಕೂ ಇದೇ ಲೆಕ್ಕ. ಹೇಗೆಂದು ಮುಂದೆ ಹೇಳುತ್ತೇನೆ.

ಒಂದೇ ದಿನದ ದೊಡ್ಡ ಅಭಿಯಾನ ವ್ಯರ್ಥವೇ ಎಂದು ನೀವು ಕೇಳಬಹುದು. ವ್ಯರ್ಥವಲ್ಲ. 2008ರ ಮೇ 3ರಂದು ಎಸ್ಟೋನಿಯಾದಲ್ಲಿ ಸುಮಾರು 50,000 ಜನ ಒಂದೇ ದಿನದಲ್ಲಿ 10,000 ಟನ್‌ನಷ್ಟು ಕಸ ಎತ್ತಿದರು. ಆಮೇಲೆ ಹಲವು ದೇಶಗಳು ಅದನ್ನೇ ಮಾದರಿಯಾಗಿ ಹಿಡಿದವು. ಆದರೆ ಆ ಒಂದು ದಿನದ ಹಿಂದೆ ತಿಂಗಳುಗಟ್ಟಲೆ ತಯಾರಿ ಇತ್ತು. ಕಸ ಎಲ್ಲೆಲ್ಲಿ ಬಿದ್ದಿದೆ, ಯಾವ ಬಗೆಯದು ಎಂದು ಸ್ವಯಂಸೇವಕರು ಮೊದಲೇ ಸುತ್ತಾಡಿ ನಕ್ಷೆಯಲ್ಲಿ ಗುರುತು ಹಾಕಿದ್ದರು. ನಮ್ಮ ಸಣ್ಣ ಜಾಗಕ್ಕೂ ನಕ್ಷೆ ಬೇಕು. ಒಂದು ಹಾಳೆಯಲ್ಲಿ ಜಾಗದ ಆಕಾರ ಬರೆದುಕೊಂಡು ಎರಡು ಬೇರೆ ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಮಳೆ ಬಂದ ಮಾರನೇ ದಿನವೂ, ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಂತಿದೆ, ನೆರಳು ಎಲ್ಲಿ ಬೀಳುತ್ತದೆ, ಜನ ಅಡ್ಡ ಹಾಯುವ ಕಾಲುದಾರಿ ಯಾವುದು, ನೆಲದಡಿಯ ಪೈಪು, ಕೇಬಲ್ಲು, ತಲೆಮೇಲಿನ ತಂತಿ ಎಲ್ಲಿ ಹೋಗುತ್ತವೆ, ಎಲ್ಲವೂ ಗುರುತಾಗಲಿ. ಕಾಲುದಾರಿಯನ್ನು ಮಾತ್ರ ಮುಚ್ಚಲು ಹೋಗಬೇಡಿ. ಅಲ್ಲಿ ಸಸಿ ನೆಟ್ಟರೆ ಜನ ತುಳಿದೇ ತುಳಿಯುತ್ತಾರೆ. ಅದನ್ನು ಅಗಲ ಮಾಡಿ, ಎರಡೂ ಕಡೆ ಕಲ್ಲು ಇಟ್ಟು ದಾರಿಯನ್ನಾಗಿಯೇ ಉಳಿಸಿ.

ಜಾಗ ಯಾರದ್ದೋ ಅವರಿಂದ ಅನುಮತಿ ಬರಹದಲ್ಲಿ ಇರಲಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದ ದಿನವೇ ಮುಗಿಯುತ್ತದೆ. ಎರಡು ವರ್ಷದ ಗಿಡದ ಮೇಲೆ ಪೈಪ್‌ಲೈನ್ ಕಂದಕ ಬಂದಾಗ ತೋರಿಸಲು ನಿಮ್ಮ ಹತ್ತಿರ ಕಾಗದವೇ ಇರುವುದಿಲ್ಲ. ಜೊತೆಗೆ, ಎತ್ತಿದ ಕಸವನ್ನು ಯಾರು, ಯಾವತ್ತು, ಯಾವ ಗಾಡಿಯಲ್ಲಿ ಒಯ್ಯುತ್ತಾರೆ ಎಂಬುದು ಮೊದಲ ಚೀಲ ತುಂಬುವ ಮುಂಚೆಯೇ ನಿಗದಿಯಾಗಬೇಕು. ತುಂಬಿದ ನಲವತ್ತು ಚೀಲ ರಸ್ತೆ ಬದಿಯಲ್ಲಿ ಮೂರು ದಿನ ಕೂತರೆ ನಾಯಿಗಳು ಹರಿಯುತ್ತವೆ. ಹೋಗಿ ಬರುವವರು ಅದರ ಪಕ್ಕದಲ್ಲೇ ತಮ್ಮ ಚೀಲವನ್ನೂ ಇಟ್ಟು ಹೋಗುತ್ತಾರೆ. ಗಾಡಿ ಬರಲಿಲ್ಲವೆಂದು ಕಸಕ್ಕೆ ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ಪಿವಿಸಿಯಂಥ ಪ್ಲಾಸ್ಟಿಕ್ ಹೊತ್ತಿದಾಗ ಡಯಾಕ್ಸಿನ್‌ನಂಥ ವಿಷಗಳು ಹುಟ್ಟುತ್ತವೆ. ಹೊಗೆ ಅಲ್ಲಿರುವವರ ಎದೆಗೆ ಹೋಗುತ್ತದೆ, ಬೂದಿ ನೀವು ಸಸಿ ನೆಡಲಿರುವ ಮಣ್ಣಿಗೆ ಸೇರುತ್ತದೆ.

ಇನ್ನು ಎತ್ತುವ ಕೆಲಸ. ಕೈಗೆ ತೆಳು ಸರ್ಜಿಕಲ್ ಗ್ಲೌಸ್ ಸಾಲದು, ಅಂಗೈಗೆ ರಬ್ಬರ್ ಲೇಪವಿರುವ ದಪ್ಪ ಕೈಗವಸು ಬೇಕು. ಕಾಲಿಗೆ ಮುಚ್ಚಿದ ಶೂ, ಗಟ್ಟಿ ತಳದ್ದು. ಉದ್ದ ಹಿಡಿಯ ಇಕ್ಕಳ ಇದ್ದರೆ ಬೆನ್ನು ಉಳಿಯುತ್ತದೆ. ತೆಳು ಪ್ಲಾಸ್ಟಿಕ್ ಚೀಲ ಗಾಜಿಗೆ ಸಿಕ್ಕಿ ಹರಿಯುತ್ತದೆ, ಹಳೆಯ ಗೋಣಿ ಅಥವಾ ಸಿಮೆಂಟ್ ಚೀಲ ತೊಳೆದು ತನ್ನಿ. ಚೀಲ ಹತ್ತು ಕಿಲೋ ದಾಟುವ ಮೊದಲೇ ಬಾಯಿ ಕಟ್ಟಿ. ಒಡೆದ ಗಾಜು ಚೀಲಕ್ಕೆ ಬೇಡ, ಬಕೆಟ್‌ಗೆ. ಮೂವರ ಗುಂಪು ಮಾಡಿಕೊಳ್ಳಿ: ಒಬ್ಬರ ಹತ್ತಿರ ಒಣ ಕಸ, ಒಬ್ಬರ ಹತ್ತಿರ ಕೊಳೆತದ್ದು ಮತ್ತು ಡಯಾಪರ್‌ನಂಥದ್ದು, ಮೂರನೆಯವರ ಹತ್ತಿರ ಬಕೆಟ್. ಎತ್ತುವಾಗಲೇ ಬೇರೆ ಮಾಡಿದರೆ ಸುಲಭ. ಎಲ್ಲ ಒಟ್ಟಿಗೆ ತುಂಬಿ ಆಮೇಲೆ ಸುರಿದು ವಿಂಗಡಿಸುತ್ತೇವೆ ಎನ್ನುವವರು ಆ ಕೆಲಸ ಮಾಡುವುದೇ ಇಲ್ಲ, ಎಲ್ಲವೂ ಮಿಶ್ರ ಕಸವಾಗಿಯೇ ಹೋಗುತ್ತದೆ.

ಅಪಾಯದ ವಸ್ತುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿರಿಂಜು ಸೂಜಿ ಕಂಡರೆ ಕೂಗಿ ಎಲ್ಲರನ್ನೂ ನಿಲ್ಲಿಸಿ. ಸೂಜಿ ಹಿಡಿದು, ಅದನ್ನು ಹಾಕಲು ತಂದ ಗಟ್ಟಿ ಡಬ್ಬದ ಹತ್ತಿರ ನಡೆಯಬೇಡಿ, ಡಬ್ಬವನ್ನೇ ಸೂಜಿಯ ಹತ್ತಿರ ತಂದು ನೆಲದ ಮೇಲೆ ಇಡಿ. ಇಕ್ಕಳದಿಂದ ಹಿಡಿದು ಮೊನೆ ಕೆಳಗಾಗಿ ಬಿಡಿ. ಡಬ್ಬವನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದಿರಬಾರದು. ಸೂಜಿಗೆ ಮುಚ್ಚಳ ಹಾಕುವ ಪ್ರಯತ್ನ ಬೇಡ, ಎಷ್ಟೋ ಜನ ಚುಚ್ಚಿಸಿಕೊಳ್ಳುವುದು ಆಗಲೇ. ಚುಚ್ಚಿಯೇ ಬಿಟ್ಟರೆ ಹಿಂಡಬೇಡಿ, ಬಾಯಲ್ಲಿ ಹೀರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ವೈದ್ಯರು ಹೇಳಿದರೆ ಅದನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗವೋ ಅಷ್ಟು ಫಲ. ಬಿರಡೆ ಹಾಕಿದ ಬಾಟಲಿಯೊಳಗೆ ಯಾವುದೋ ದ್ರವ ಇದ್ದರೆ ಮೂಸಿ ನೋಡುವುದೂ ಬೇಡ, ಸುರಿಯುವುದೂ ಬೇಡ. ನೇರ ನಿಲ್ಲಿಸಿ ಬೇರೆ ಇಡಿ. ಹಳೆಯ ಕಲ್ನಾರಿನ ಶೀಟು ಸಿಕ್ಕರೆ ಮುರಿಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೆಲದ ಮೇಲೆ ಬಹಳ ದಿನ ಬಿದ್ದಿರುವ ಹಲಗೆ, ತಗಡು ಎತ್ತುವಾಗ ಆಚೆ ಅಂಚನ್ನು ಕೊಕ್ಕೆಯಿಂದ ಹಿಡಿದು ನಿಮ್ಮ ಕಡೆಗೆ ಎಬ್ಬಿಸಿ. ಅಡಿಯಲ್ಲಿ ಹಾವೋ ಚೇಳೋ ಇದ್ದರೆ ಅದಕ್ಕೂ ನಿಮಗೂ ನಡುವೆ ಹಲಗೆ ಅಡ್ಡ ಇರುತ್ತದೆ, ಅದಕ್ಕೆ ಆಚೆ ಓಡಲು ದಾರಿಯೂ ಇರುತ್ತದೆ.

ಕಸ ಎತ್ತುವುದರ ಜೊತೆಗೆ ಎಣಿಸುವವರೂ ಒಬ್ಬರು ಬೇಕು. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಶುರುವಾದ ಸ್ವಚ್ಛತಾ ಕಾರ್ಯದಲ್ಲಿ ಪ್ರತಿ ವಸ್ತುವನ್ನೂ ಚೀಟಿಯಲ್ಲಿ ಬರೆದುಕೊಳ್ಳುವ ಪದ್ಧತಿ ಬಂತು, ಅದೇ ಮುಂದೆ ಜಗತ್ತಿನ ತೀರಗಳಿಗೆಲ್ಲ ಹರಡಿತು. ಆ ಎಣಿಕೆಯಿಂದಲೇ ಗೊತ್ತಾದದ್ದು, ದಶಕಗಳ ಕಾಲ ಅತಿ ಹೆಚ್ಚು ಸಂಖ್ಯೆಯಲ್ಲಿ ಸಿಕ್ಕ ವಸ್ತು ಸಿಗರೇಟಿನ ತುಂಡು ಎಂದು. ವಿಷಯ ಬಂತೆಂದು ಹೇಳುತ್ತೇನೆ: ಆ ತುಂಡಿನ ಫಿಲ್ಟರ್ ಹತ್ತಿಯಂತೆ ಕಂಡರೂ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ‘ಮಣ್ಣಿಗೆ ಸೇರಿ ಹೋಗುತ್ತೆ ಬಿಡಿ’ ಎಂದು ಅದನ್ನು ದಾಟಿ ಹೋಗಬೇಡಿ.

ನಿಮ್ಮ ಜಾಗದಲ್ಲಿ ಎಣಿಸಿದರೆ ಕಸದ ಹಿಂದಿನ ಕಾರಣ ಕಾಣುತ್ತದೆ. ಬೆಂಚಿನ ಸುತ್ತ ಬಾಟಲಿ, ದಾರಿಯುದ್ದಕ್ಕೂ ಸಣ್ಣ ಸ್ಯಾಷೆ, ಬೆಳಕಿಲ್ಲದ ಮೂಲೆಯಲ್ಲಿ ಗಂಟು ಕಟ್ಟಿದ ಮನೆಗಸ ಸಿಕ್ಕಿತು ಎನ್ನೋಣ. ಇವು ಮೂರೂ ಬೇರೆ ಬೇರೆ ತೊಂದರೆಗಳು, ಪರಿಹಾರವೂ ಬೇರೆ. ಬೆಂಚಿನ ಪಕ್ಕ ತೊಟ್ಟಿ ಇಟ್ಟರೆ ಕೆಲಸ ಮಾಡುತ್ತದೆ, ಅದನ್ನು ದಿನವೂ ಖಾಲಿ ಮಾಡುವವರಿದ್ದರೆ ಮಾತ್ರ. ಉಕ್ಕಿ ಹರಿಯುವ ತೊಟ್ಟಿಗಿಂತ ತೊಟ್ಟಿ ಇಲ್ಲದಿರುವುದೇ ಮೇಲು. ಗಂಟುಗಳು ಬೀಳುವ ಮೂಲೆಗೆ ತೊಟ್ಟಿ ಇಟ್ಟರೆ ಇನ್ನಷ್ಟು ಗಂಟು ಬರುತ್ತವೆ. ಅಲ್ಲಿ ಬೇಕಾದದ್ದು ದೀಪ, ಮತ್ತು ಆ ಮನೆಗಳಿಗೆ ಕಸದ ಗಾಡಿ ಯಾಕೆ ಸರಿಯಾಗಿ ಬರುತ್ತಿಲ್ಲ ಎಂಬ ವಿಚಾರಣೆ.

ಕಸ ಎತ್ತುವುದಕ್ಕೂ ಅದೇ ಲೆಕ್ಕ ಎಂದು ಆಗ ಅರ್ಧಕ್ಕೆ ಬಿಟ್ಟ ಮಾತಿಗೆ ಈಗ ಬರೋಣ. ಎಷ್ಟು ಜಾಗ ಸ್ವಚ್ಛ ಮಾಡಬೇಕು? ರಾಬರ್ಟ್ ಚಾಲ್ಡಿನಿ ಎಂಬ ಮನೋವಿಜ್ಞಾನಿಯೂ ಅವರ ಸಂಗಡಿಗರೂ 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಬಹಳ ಉಪಯುಕ್ತ. ಪಾರ್ಕಿಂಗ್ ಕಟ್ಟಡದಲ್ಲಿ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿ, ಬಂದವರು ಅದನ್ನು ನೆಲಕ್ಕೆ ಎಸೆಯುತ್ತಾರೋ ಇಲ್ಲವೋ ನೋಡಿದರು. ನೆಲ ಸ್ವಚ್ಛವಾಗಿದ್ದಾಗ ಎಸೆದವರು ಶೇ. 14. ನೆಲದ ಮೇಲೆ ಮೊದಲೇ ಕಸ ಹರಡಿದ್ದಾಗ ಶೇ. 32. ಒಬ್ಬರು ಎದುರಿಗೇ ಕಸ ಎಸೆದು ಹೋಗುವಂತೆ ಮಾಡಿದಾಗ ಅಂತರ ಇನ್ನೂ ಹಿಗ್ಗಿತು: ಕಸವಿದ್ದ ನೆಲದಲ್ಲಿ ಶೇ. 54, ಸ್ವಚ್ಛ ನೆಲದಲ್ಲಿ ಬರೀ ಶೇ. 6. ಸ್ವಚ್ಛ ನೆಲದ ಮೇಲೆ ಒಬ್ಬ ಕಸ ಹಾಕಿದ್ದನ್ನು ಕಂಡವರು ತಾವು ಹಾಕಲು ಇನ್ನಷ್ಟು ಹಿಂಜರಿದರು.

ಇದರಿಂದ ನಮಗೆ ಏನು ಸಿಗುತ್ತದೆ? ಒಂದು ಎಕರೆಯ ಕಸವನ್ನು ಅರ್ಧಕ್ಕೆ ಇಳಿಸಿದರೆ ನೋಡುವವರ ಕಣ್ಣಿಗೆ ಅದು ಇನ್ನೂ ಕಸದ ಜಾಗವೇ. ಅದೇ ಶ್ರಮದಲ್ಲಿ ಹತ್ತು ಗುಂಟೆಯನ್ನು ಪೂರ್ತಿ, ಸ್ಯಾಷೆ ತುಂಡು ಸಮೇತ ತೆಗೆದರೆ ಅಲ್ಲಿ ಹಾಕುವವರ ಕೈ ತಡೆಯುತ್ತದೆ. ಆದರೆ ಆ ಸ್ವಚ್ಛತೆ ವಾರಗಟ್ಟಲೆ ಉಳಿಯಬೇಕು. ವಾರಕ್ಕೆ ಎರಡು ಸಲ, ಇಬ್ಬರು, ಅರ್ಧ ಗಂಟೆ: ಇಷ್ಟರಲ್ಲಿ ಎಷ್ಟು ಜಾಗ ಒಂದೂ ಚೂರಿಲ್ಲದೆ ಉಳಿಯುತ್ತದೋ ಅದು ನಿಮ್ಮ ಮೊದಲ ಪಾಲು.

ಕಸ ತೆಗೆಯುವ ಉತ್ಸಾಹದಲ್ಲಿ ತರಗೆಲೆಯನ್ನೂ ಗುಡಿಸಿ ಚೀಲಕ್ಕೆ ತುಂಬುವವರಿದ್ದಾರೆ. ತರಗೆಲೆ ಕಸವಲ್ಲ. ಮಣ್ಣಿನ ತೇವ ಹಿಡಿಯುವುದು ಅದು, ಎರೆಹುಳುವಿನ ಆಹಾರ ಅದು, ನಾಳೆ ನಿಮ್ಮ ಸಸಿಯ ಬುಡಕ್ಕೆ ಬೇಕಾದ ಹೊದಿಕೆಯೂ ಅದೇ. ಅದರೊಳಗಿನ ಪ್ಲಾಸ್ಟಿಕ್ ಆರಿಸಿ, ಎಲೆಯನ್ನು ಅಲ್ಲೇ ಬಿಡಿ. ಹಾಗೆಯೇ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಪೊದೆ ಸವರಬೇಡಿ.

ಕಳೆಯ ವಿಷಯದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರಿಂದ ಕಲಿಯುವುದು ಬಹಳ ಇದೆ. ತಮ್ಮ ಮನೆ ಹತ್ತಿರದ ಕುರುಚಲು ಕಾಡನ್ನು ಲಂಟಾನದಂಥ ಹೊರಗಿನ ಕಳೆಗಳು ನುಂಗುತ್ತಿದ್ದಾಗ 1960ರ ದಶಕದಲ್ಲಿ ಅವರು ಕೈಯಿಂದಲೇ ಕಳೆ ಕೀಳುತ್ತ ಒಂದು ವಿಧಾನ ಕಂಡುಕೊಂಡರು. ಅವರ ಸೂತ್ರ ಮೂರು. ಚೆನ್ನಾಗಿ ಉಳಿದಿರುವ ಕಡೆಯಿಂದ ಶುರುಮಾಡಿ ಹಾಳಾದ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು. ತೆಗೆದ ಜಾಗವನ್ನು ಸ್ಥಳೀಯ ಗಿಡಗಳು ಎಷ್ಟು ಬೇಗ ತುಂಬುತ್ತವೋ ಅಷ್ಟೇ ವೇಗದಲ್ಲಿ ಮುಂದೆ ಹೋಗಬೇಕು. ನಾವು ಮಾಡುವುದು ಸಾಮಾನ್ಯವಾಗಿ ಇದರ ತದ್ವಿರುದ್ಧ: ಎಲ್ಲಕ್ಕಿಂತ ಹದಗೆಟ್ಟ ಮೂಲೆಗೆ ಜೆಸಿಬಿ ತರಿಸಿ ಒಂದೇ ದಿನ ಬೋಳು ಮಾಡುತ್ತೇವೆ. ಮಣ್ಣಿನೊಳಗೆ ವರ್ಷಗಟ್ಟಲೆ ಮಲಗಿದ್ದ ಕಳೆಬೀಜಕ್ಕೆ ಬೆಳಕು ಬಿದ್ದು, ಒಂದೆರಡು ಮಳೆಗೆ ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ಯಂತ್ರದ ಭಾರಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಳಿಯದಂತಾಗುತ್ತದೆ. ಕಳೆಯನ್ನು ಹೂ ಬಿಡುವ ಮುಂಚೆ, ಮಣ್ಣು ಹಸಿಯಿರುವಾಗ ಬೇರು ಸಮೇತ ಕೀಳಿ. ಕಿತ್ತ ಕುಳಿಯ ಮಣ್ಣನ್ನು ಕಾಲಿಂದ ಒತ್ತಿ ತರಗೆಲೆ ಎಳೆದು ಮುಚ್ಚಿ. ಪಾರ್ಥೇನಿಯಂ ಕೀಳುವಾಗ ಕೈ ಮುಚ್ಚಿರಲಿ, ಮೂಗಿಗೆ ಮಾಸ್ಕ್ ಇರಲಿ, ಚರ್ಮಕ್ಕೂ ಉಸಿರಾಟಕ್ಕೂ ಅದು ಅಲರ್ಜಿ ತರುತ್ತದೆ.

ಬ್ರಾಡ್ಲಿ ಸೋದರಿಯರ ವಿಧಾನದಲ್ಲಿ ನನಗೆ ಅತ್ಯಂತ ಬೆಲೆಬಾಳುವಂತೆ ಕಾಣುವುದು ಇನ್ನೊಂದು ಸಂಗತಿ: ಎಷ್ಟೋ ಕಡೆ ನೆಡುವ ಅಗತ್ಯವೇ ಇರುವುದಿಲ್ಲ. ಕಸ, ಕಳೆ ತೆಗೆದು ತುಳಿತ ತಪ್ಪಿಸಿದರೆ ಮಣ್ಣಿನಲ್ಲಿದ್ದ ಸ್ಥಳೀಯ ಬೀಜಗಳೇ ಮೊಳೆಯುತ್ತವೆ. ತಾನಾಗಿ ಹುಟ್ಟಿದ ಗಿಡದ ತಾಯಿಬೇರು ಮೊದಲ ದಿನದಿಂದಲೇ ಆಳಕ್ಕೆ ಇಳಿದಿರುತ್ತದೆ, ಅದಕ್ಕೆ ಕ್ಯಾನ್ ಹೊರುವ ಕೆಲಸ ಕಡಿಮೆ. ಆದ್ದರಿಂದ ಮೊದಲ ಮಳೆಗಾಲ ಸುಮ್ಮನೆ ನೋಡಿ. ಎದ್ದ ಒಳ್ಳೆಯ ಮೊಳಕೆಗಳಿಗೆ ಕಡ್ಡಿ ನೆಟ್ಟು ಬಣ್ಣದ ಪಟ್ಟಿ ಕಟ್ಟಿ, ಇಲ್ಲದಿದ್ದರೆ ಹುಲ್ಲು ಕತ್ತರಿಸುವವರ ಕೈಯಲ್ಲಿ ಹೋಗುತ್ತವೆ. ಖಾಲಿ ಉಳಿದ ಕಡೆಗೆ ಮಾತ್ರ ಸಸಿ ತನ್ನಿ.

ನೆಡುವ ಮುಂಚೆ ಮಣ್ಣಿನ ಪರೀಕ್ಷೆ. 30 ಸೆಂಟಿಮೀಟರ್ ಆಳದ ಗುಂಡಿ ತೆಗೆದು ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಗಂಟೆಗೆ ಎರಡೂವರೆ ಸೆಂಟಿಮೀಟರೂ ಇಳಿಯದಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ನೀರು ತಾಳುವ ಜಾತಿ ಹುಡುಕಿ, ಇಲ್ಲವೇ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಸಲಿಕೆಗೆ ಇಟ್ಟಿಗೆ, ಗಾರೆ ಚೂರು ಸಿಕ್ಕರೆ ಅದು ಕಟ್ಟಡದ ಅವಶೇಷ ತುಂಬಿದ ನೆಲ. ಸಿಮೆಂಟು, ಸುಣ್ಣ ಮಣ್ಣನ್ನು ಕ್ಷಾರವಾಗಿಸುತ್ತವೆ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರು ಹೀರಲಾರದು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣವೆಂದು ಅನುಮಾನಿಸಿ. ಗೊಬ್ಬರ ಸುರಿದರೆ ಪ್ರಯೋಜನವಿಲ್ಲ, ಆ ಭಾಗದ ಅವಶೇಷ ತೆಗೆದು ಮಣ್ಣು ಬದಲಿಸಬೇಕು.

ಗುಂಡಿಯ ಅಗಲ ಬೇರುಮಣ್ಣಿನ ಉಂಡೆಯ ಎರಡು ಮೂರು ಪಟ್ಟು, ಆಳ ಉಂಡೆಯಷ್ಟೇ. ಆಳ ತೋಡಿ ಮತ್ತೆ ಸಡಿಲ ಮಣ್ಣು ತುಂಬಿ ಅದರ ಮೇಲೆ ಸಸಿ ಕೂರಿಸಿದರೆ ಎರಡು ಮಳೆಗೆ ಮಣ್ಣು ಕುಸಿದು ಸಸಿ ಕೆಳಗಿಳಿಯುತ್ತದೆ. ಕಾಂಡದ ತೊಗಟೆ ಮಣ್ಣಿನಡಿ ಸದಾ ಹಸಿಯಾಗಿ ಕೊಳೆಯುತ್ತದೆ. ಗುಂಡಿಯ ಗೋಡೆ ಸಲಿಕೆಯ ಏಟಿಗೆ ನುಣ್ಣಗಾಗಿದ್ದರೆ ಹಾರೆಯಿಂದ ಕೆರೆದು ಒರಟು ಮಾಡಿ. ಗುಂಡಿಗೆ ಬರೀ ಗೊಬ್ಬರ ತುಂಬುವುದು ಬೇಡ. ಗಟ್ಟಿ ಮಣ್ಣಿನ ನಡುವೆ ಅದು ಹೂಕುಂಡದಂತೆ ಆಗಿ ಬೇರು ಅಲ್ಲೇ ಸುತ್ತುತ್ತದೆ, ಮಳೆ ಬಂದರೆ ನೀರೂ ಅಲ್ಲೇ ನಿಲ್ಲುತ್ತದೆ. ತೆಗೆದ ಮಣ್ಣನ್ನೇ ಹಿಂದಕ್ಕೆ ತುಂಬಿ, ಗೊಬ್ಬರವನ್ನು ಮೇಲ್ಗಡೆ ತೆಳ್ಳಗೆ ಹರಡಿ.

ಸಸಿಯನ್ನು ಚೀಲದ ಸಮೇತ ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೂ ಅದ್ದಿ. ನಂತರ ಚೀಲ ಪೂರ್ತಿ ಕತ್ತರಿಸಿ ತೆಗೆಯಿರಿ. ತಳ ಮಾತ್ರ ಕೊಯ್ದು ಚೀಲದೊಡನೆ ಹೂಳುವವರು ಈಗಲೂ ಇದ್ದಾರೆ. ಉಂಡೆಯ ಹೊರಗೆ ಬೇರು ಸುತ್ತು ಹಾಕಿಕೊಂಡಿದ್ದರೆ ಚೂಪಾದ ಚಾಕುವಿನಿಂದ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಗೀರಿ, ತಳದ ಸುರುಳಿಯನ್ನು ಕತ್ತರಿಸಿ ಹಾಕಿ. ನೋಡಲು ಕ್ರೂರವಾಗಿ ಕಾಣುತ್ತದೆ. ಮಾಡದಿದ್ದರೆ ಆ ಸುತ್ತು ಬೇರು ದಪ್ಪವಾಗುತ್ತ ವರ್ಷಗಳ ನಂತರ ಮರದ ಕಾಂಡವನ್ನೇ ಬಿಗಿಯುತ್ತದೆ. ಕಾಂಡ ಅಗಲವಾಗಿ ಬೇರಿಗೆ ಒಡೆಯುವ ಜಾಗ ನೆಲಮಟ್ಟದಲ್ಲಿ ಕಾಣುವಂತೆ ಕೂರಿಸಿ. ನರ್ಸರಿ ಚೀಲದಲ್ಲಿ ಅದು ಮಣ್ಣಿನಡಿ ಮುಚ್ಚಿರಬಹುದು, ಬೆರಳಿಂದ ಕೆರೆದು ಹುಡುಕಿ. ಮಣ್ಣು ತುಂಬಿದ ಮೇಲೆ ಕಾಲಿಂದ ತುಳಿಯಬೇಡಿ, ಕೈಯಲ್ಲಿ ಒತ್ತಿ ನೀರು ಹಾಕಿದರೆ ಗಾಳಿ ಜಾಗ ತಾನೇ ಮುಚ್ಚುತ್ತದೆ. ಸುತ್ತ ಪಾತಿ ಕಟ್ಟಿ, ತರಗೆಲೆ ಅಥವಾ ಮರದ ಚಕ್ಕೆಯನ್ನು 7-8 ಸೆಂಟಿಮೀಟರ್ ದಪ್ಪ ಹರಡಿ. ಕಾಂಡದಿಂದ ಒಂದು ಗೇಣು ದೂರ ಬಿಡಿ, ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ.

ಊರೆಗೋಲು ಪ್ರತಿ ಸಸಿಗೂ ಬೇಡ. ಗಾಳಿಗೆ ಅಲುಗಾಡಿದರೇನೇ ಕಾಂಡ ದಪ್ಪವಾಗುವುದು, ಬೇರು ಹಿಡಿಯುವುದು. ಬಾಗಿ ಬೀಳುವಂಥದ್ದಕ್ಕೆ ಮಾತ್ರ ಎರಡು ಕೋಲು ನೆಟ್ಟು, ಎತ್ತರದ ಮೂರನೇ ಒಂದು ಭಾಗದಲ್ಲಿ ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಿ, ವರ್ಷದೊಳಗೆ ಬಿಚ್ಚಿ.

ನೀರಿನ ಬಗ್ಗೆ ಒಂದು ಸೂಕ್ಷ್ಮ. ಮೊದಲ ಕೆಲವು ವಾರ ಬೇರುಗಳೆಲ್ಲ ಇರುವುದು ನರ್ಸರಿಯ ಮಣ್ಣುಂಡೆಯಲ್ಲೇ. ಸುತ್ತಲ ನೆಲ ಹಸಿಯಿದ್ದರೂ ಉಂಡೆ ಬೇಗ ಒಣಗುತ್ತದೆ. ಬೆರಳನ್ನು ಪಾತಿಯ ಅಂಚಿಗೆ ಚುಚ್ಚಿ ನೋಡಬೇಡಿ, ಉಂಡೆಯೊಳಗೆ ಚುಚ್ಚಿ ನೋಡಿ, ನೀರನ್ನೂ ಕಾಂಡದ ಹತ್ತಿರವೇ ನಿಧಾನ ಬಿಡಿ. ಎರಡು ಮೂರು ತಿಂಗಳ ಮೇಲೆ ಪಾತಿಯನ್ನು ಅಗಲಿಸಿ ಹೊರಕ್ಕೆ ಹಾಕಿ. ದಿನವೂ ಒಂದು ಚೊಂಬು ಹಾಕಿದರೆ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ. ಬೇರು ಹೊರಬಿದ್ದ ಮೇಲೆ ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಂತೆ ಹಾಕುವುದೇ ಸರಿ.

ಪ್ರತಿ ಸಸಿಗೂ ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆದಿಡಿ. ಸತ್ತ ಸಸಿಯ ಗುಂಡಿಗೆ ಹೊಸದನ್ನು ಇಡುವ ಮುಂಚೆ ಸತ್ತದ್ದನ್ನು ಕಿತ್ತು ನೋಡಿ, ಕಾರಣ ಅದರಲ್ಲೇ ಬರೆದಿರುತ್ತದೆ. ಬೇರು ಇನ್ನೂ ಚೀಲದ ಆಕಾರದಲ್ಲೇ ಇದ್ದರೆ ನೆಡುವಾಗ ಸುತ್ತು ಬಿಡಿಸಿರಲಿಲ್ಲ. ಕಪ್ಪಾಗಿ ಮೆತ್ತಗಾಗಿ ನಾರುತ್ತಿದ್ದರೆ ನೀರು ನಿಂತಿದೆ. ಕಡ್ಡಿಯಂತೆ ಲಟಕ್ಕನೆ ಮುರಿದರೆ ನೀರು ಸಿಕ್ಕಿಲ್ಲ. ಸಣ್ಣ ಬೇರುಗಳೇ ಮಾಯವಾಗಿದ್ದರೆ ಗೆದ್ದಲೋ ಗೊಣ್ಣೆಹುಳುವೋ ತಿಂದಿದೆ. ಬೇರು ಚೆನ್ನಾಗಿದ್ದು ಬುಡದ ತೊಗಟೆ ಸುತ್ತಲೂ ಉಂಗುರದಂತೆ ಸುಲಿದಿದ್ದರೆ ಅದು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ಏಟು. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯಲ್ಲಿ. ಏಟು ಬಿದ್ದ ದಿನ ಗಿಡ ಹಸಿರಾಗಿಯೇ ಇರುತ್ತದೆ, ವಾರಗಳ ಮೇಲೆ ಬಾಡುತ್ತದೆ, ಆದ್ದರಿಂದ ಯಾರಿಗೂ ಕಾರಣ ಹೊಳೆಯುವುದಿಲ್ಲ. ಯಂತ್ರ ಹಿಡಿಯುವವರ ಜೊತೆ ಮಾತಾಡಿ, ಬುಡದ ಸುತ್ತ ಅರ್ಧ ಮೀಟರ್ ಹುಲ್ಲನ್ನು ನೀವೇ ಕೈಯಲ್ಲಿ ಕೀಳಿ. ಎಳೆಯ ಸಸಿಯ ನೀರು ಕದಿಯುವುದೂ ಆ ಹುಲ್ಲೇ.

ಎರಡನೇ ಪಾಲಿಗೆ ಯಾವಾಗ ಕೈ ಹಾಕಬೇಕು? ಪುಸ್ತಕ ತೆಗೆದು ನೋಡಿ. ಮೊದಲ ಪಾಲಿನ ವಾರದ ಕಸ ಒಂದು ಬಕೆಟ್‌ಗೆ ಇಳಿದಿದೆಯೇ? ಸಸಿಗಳು ಒಂದು ಪೂರ್ತಿ ಒಣಗಾಲ ದಾಟಿವೆಯೇ? ನೀರು ಹಾಕುವವರ ಸರದಿ ಪಟ್ಟಿಯಲ್ಲಿ ಖಾಲಿ ವಾರಗಳಿಲ್ಲವೇ? ಮೂರಕ್ಕೂ ಹೌದು ಎಂದಾದರೆ ಅಂಚನ್ನು ಹತ್ತು ಹೆಜ್ಜೆ ಮುಂದೆ ಸರಿಸಿ. ಇಲ್ಲವಾದರೆ ಆ ವರ್ಷ ಹೊಸ ಸಸಿ ತರಬೇಡಿ. ಇರುವುದಕ್ಕೆ ನೀರು ಹಾಕಲು ಇನ್ನಿಬ್ಬರನ್ನು ಕರೆತನ್ನಿ.